ಒಂದೇ ಕಾಯಿಲೆ, ದೇಶಕ್ಕೊಂದು ಚಿಕಿತ್ಸೆ

ತಾಳ ತಪ್ಪಿದ ಹೃದಯಕ್ಕೆ ಅಮೆರಿಕದಲ್ಲಿ ಕೊಡುವ ಮಾತ್ರೆ ಯಲಹಂಕದಲ್ಲೂ ಸಲ್ಲುತ್ತದೆಯೆ?

ಎಡಗೈಯ ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ, ಮಣಿಕಟ್ಟಿನ ಮೇಲೆ ಬಲಗೈಯ ಮೂರು ಬೆರಳುಗಳನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ನಾಡಿಯ ಬಡಿತ ಸಿಗುತ್ತದೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ವಯಸ್ಕರಲ್ಲಿ ನಿಮಿಷಕ್ಕೆ 60ರಿಂದ 100 ಬಡಿತ. ಎಣಿಕೆಗಿಂತ ಮುಖ್ಯವಾದದ್ದು ಅದರ ತಾಳ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಸಮನಾಗಿರಬೇಕು. ಕೆಲವರ ನಾಡಿ ಹಾಗಿರುವುದಿಲ್ಲ. ಎರಡು ಬಡಿತ ಒಂದರ ಬೆನ್ನಿಗೊಂದು ಬಂದು, ಮೂರನೆಯದು ತಡವಾಗಿ, ನಾಲ್ಕನೆಯದು ಕ್ಷೀಣವಾಗಿ ಬರುತ್ತದೆ. ಮುಂದಿನದು ಯಾವಾಗ ಬಂದೀತೆಂದು ಊಹಿಸಲು ಆಗುವುದಿಲ್ಲ. ಹೀಗೆ ಲಂಗುಲಗಾಮಿಲ್ಲದ ನಾಡಿಗೆ ಬಹುಮಟ್ಟಿಗೆ ಕಾರಣವಾಗುವ ಸ್ಥಿತಿಯೇ ಹೃತ್ಕರ್ಣ ಕಂಪನ. ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಷನ್ ಎಂದೂ, ಚುಟುಕಾಗಿ ‘ಎ.ಎಫ್.’ ಎಂದೂ ಕರೆಯುತ್ತಾರೆ.

ಕಾಯಿಲೆ ಹೊಸದಲ್ಲ. ರಕ್ತ ಪರಿಚಲನೆಯನ್ನು ಲೋಕಕ್ಕೆ ತಿಳಿಸಿಕೊಟ್ಟ ವಿಲಿಯಂ ಹಾರ್ವೆ 1628ರಲ್ಲೇ, ಸಾಯುತ್ತಿರುವ ಪ್ರಾಣಿಗಳ ಹೃತ್ಕರ್ಣ ಅದುರುವುದನ್ನು ಬರೆದಿಟ್ಟಿದ್ದ. ಇ.ಸಿ.ಜಿ. ಯಂತ್ರವನ್ನು ರೂಪಿಸಿ 1924ರಲ್ಲಿ ನೊಬೆಲ್ ಬಹುಮಾನ ಪಡೆದ ಐಂತೋವನ್ ಈ ಅಡ್ಡಾದಿಡ್ಡಿ ಬಡಿತವನ್ನು ಕಾಗದದ ಮೇಲೆ ಮೂಡಿಸಿದ. ಇದು ಅಪರೂಪದ ರೋಗವಲ್ಲ, ಸಾಮಾನ್ಯವಾಗಿ ಕಂಡುಬರುವಂಥದ್ದೇ ಎಂದು 1909ರಲ್ಲಿ ತೋರಿಸಿಕೊಟ್ಟವನು ಲಂಡನ್ನಿನ ಥಾಮಸ್ ಲೂಯಿಸ್.

ಇರಲಿ, ಈಗ ನಮ್ಮ ಪ್ರಶ್ನೆಗೆ ಬರೋಣ. ಅಣ್ಣ ಅಮೆರಿಕದಲ್ಲಿದ್ದಾನೆ, ತಂಗಿ ಯಲಹಂಕದಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. ಇಬ್ಬರಿಗೂ ಎ.ಎಫ್. ಅಣ್ಣ ಹೊಸ ಮಾತ್ರೆ ನುಂಗಿ ನಿಶ್ಚಿಂತೆಯಾಗಿದ್ದಾನೆ, ಪದೇ ಪದೇ ರಕ್ತ ಪರೀಕ್ಷೆಯ ರಗಳೆ ಇಲ್ಲ. ತಂಗಿ ಮಾತ್ರ ಎಪ್ಪತ್ತು ವರ್ಷ ಹಳೆಯ ಬಗೆಯ ಮಾತ್ರೆ ನುಂಗುತ್ತ, ತಿಂಗಳಿಗೊಮ್ಮೆ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಾಳೆ. ಇದನ್ನು ಕಂಡವರು ‘ನಮ್ಮ ದೇಶದ ಹಣೆಬರಹ ಇಷ್ಟೇ’ ಎನ್ನಬಹುದು. ‘ಮುಂದಿನ ಸಲ ಬರುವಾಗ ಅಣ್ಣನ ಕೈಲಿ ಆ ಮಾತ್ರೆಯನ್ನೇ ತರಿಸಿಬಿಡಿ’ ಎಂದು ಸಲಹೆಯನ್ನೂ ಕೊಡಬಹುದು. ಆದರೆ ತಂಗಿಗೆ ಹಳೆಯ ಮಾತ್ರೆಯೇ ಪ್ರಾಣರಕ್ಷಕ, ಅಣ್ಣನದು ಅಪಾಯಕಾರಿ ಎಂದಾಗಿರುವ ಸಾಧ್ಯತೆ ಉಂಟು. ಅದು ಹೇಗೆ ಎಂಬುದೇ ಈ ಲೇಖನದ ವಿಷಯ.

ಹೆಬ್ಬಾಳದ ಕೂಡುರಸ್ತೆ

ಹೃದಯಕ್ಕೆ ನಾಲ್ಕು ಕೋಣೆಗಳೆಂದು ಹೈಸ್ಕೂಲಿನಲ್ಲೇ ಓದಿರುತ್ತೀರಿ. ಮೇಲಿನವು ಎರಡು ಹೃತ್ಕರ್ಣಗಳು, ಕೆಳಗಿನವು ಎರಡು ಹೃತ್ಕುಕ್ಷಿಗಳು. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಒಂದು ಪುಟ್ಟ ಗಂಟಿನಿಂದ ವಿದ್ಯುತ್ ಸಂಕೇತ ಹೊರಡುತ್ತದೆ. ಅದು ಎರಡೂ ಹೃತ್ಕರ್ಣಗಳಲ್ಲಿ ಹರಡಿ, ನಡುವಿನ ಇನ್ನೊಂದು ಗಂಟಿನ ಬಳಿ ಅರೆಗಳಿಗೆ ತಡೆದು, ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಮೊದಲು ಮೇಲಿನ ಕೋಣೆಗಳು ಹಿಂಡಿಕೊಳ್ಳುತ್ತವೆ, ಆಮೇಲೆ ಕೆಳಗಿನವು.

ಹೆಬ್ಬಾಳದ ಕೂಡುರಸ್ತೆಯನ್ನು ನೆನೆಸಿಕೊಳ್ಳಿ. ಬಳ್ಳಾರಿ ರಸ್ತೆಯಲ್ಲಿ ವಾಹನಗಳು ಒಂದೇ ಸಾಲಿನಲ್ಲಿ ಬಂದರೆ ಸಂಚಾರಿ ಪೊಲೀಸರಿಗೆ ಕೆಲಸ ಸುಲಭ. ಆದರೆ ವರ್ತುಲ ರಸ್ತೆ, ಸರ್ವಿಸ್ ರಸ್ತೆ, ಓಣಿ, ಸಂದಿಗಳಿಂದೆಲ್ಲ ಒಮ್ಮೆಲೇ ನುಗ್ಗಿದರೆ? ಎ.ಎಫ್. ಆದಾಗ ಹೃತ್ಕರ್ಣದಲ್ಲಿ ಆಗುವುದು ಇದೇ. ಒಂದು ಸಂಕೇತದ ಬದಲು ನಿಮಿಷಕ್ಕೆ 350ರಿಂದ 600 ಸಂಕೇತಗಳು ಎಲ್ಲೆಂದರಲ್ಲಿ ಸುತ್ತುತ್ತವೆ. ಕೋಣೆ ಹಿಂಡಿಕೊಳ್ಳುವುದನ್ನು ಬಿಟ್ಟು ಸುಮ್ಮನೆ ಅದುರುತ್ತದೆ. ನಡುವಿನ ಗಂಟು ಪೊಲೀಸಿನವನಂತೆ ಕೆಲವನ್ನು ಮಾತ್ರ ಕೆಳಕ್ಕೆ ಬಿಡುತ್ತದೆ, ಆದರೆ ಬಿಡುವುದರಲ್ಲಿ ಕ್ರಮವಿಲ್ಲ. ಆದ್ದರಿಂದಲೇ ನಾಡಿ ವೇಗವಾಗಿಯೂ ಅಡ್ಡಾದಿಡ್ಡಿಯಾಗಿಯೂ ಓಡುತ್ತದೆ. ಎದೆ ಡವಗುಟ್ಟುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು ಇವು ಸಾಮಾನ್ಯ ಲಕ್ಷಣಗಳು. ಕೆಲವರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ.

ಅದುರುವ ಕೋಣೆಯಲ್ಲಿ ರಕ್ತ ನಿಧಾನಿಸುತ್ತದೆ. ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಎಡ ಹೃತ್ಕರ್ಣದ ಪಕ್ಕಕ್ಕೆ ಜೇಬಿನಂಥ ಒಂದು ಸಣ್ಣ ಚೀಲವಿದೆ, ಹೆಪ್ಪು ಹೆಚ್ಚಾಗಿ ಕೂಡುವುದು ಅಲ್ಲಿ. ಅದರ ಚೂರೊಂದು ಕಳಚಿ ರಕ್ತದೊಡನೆ ಹೊರಟು ಮಿದುಳಿನ ರಕ್ತನಾಳವನ್ನು ಮುಚ್ಚಿದರೆ ಪಾರ್ಶ್ವವಾಯು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ನಿವಾಸಿಗಳನ್ನು ವರ್ಷಗಟ್ಟಲೆ ಗಮನಿಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎ.ಎಫ್. ಇರುವವರಿಗೆ ಪಾರ್ಶ್ವವಾಯು ಬರುವ ಸಂಭವ ಇಲ್ಲದವರಿಗಿಂತ ಐದು ಪಟ್ಟಿಗೂ ಹೆಚ್ಚು. ಅದರ ಜೊತೆಗೆ ರುಮ್ಯಾಟಿಕ್ ಹೃದ್ರೋಗವೂ ಇದ್ದರೆ ಹದಿನೇಳು ಪಟ್ಟು. ಈ ಹದಿನೇಳನ್ನು ನೆನಪಿಟ್ಟುಕೊಳ್ಳಿ, ನಮ್ಮ ಕಥೆಯ ತಿರುವು ಅಲ್ಲಿದೆ.

ಗಂಟಲು ನೋವಿನಿಂದ ಹೃದಯಕ್ಕೆ

ಎ.ಎಫ್.ಗೆ ಎರಡು ಮುಖ್ಯ ದಾರಿಗಳಿವೆ. ಒಂದು, ವಯಸ್ಸಿನ ದಾರಿ. ಅರವತ್ತೈದು ದಾಟಿದ ಮೇಲೆ ರಕ್ತದ ಏರೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಮದ್ಯಪಾನ ಇವೆಲ್ಲ ಸೇರಿ ಹೃತ್ಕರ್ಣದ ಗೋಡೆಯನ್ನು ಹದಗೆಡಿಸುತ್ತವೆ. ಶ್ರೀಮಂತ ದೇಶಗಳಲ್ಲಿ ಹೆಚ್ಚಾಗಿ ಕಾಣುವುದು ಇದು. ಇನ್ನೊಂದು, ಬಾಲ್ಯದಲ್ಲೇ ಶುರುವಾಗುವ ದಾರಿ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದಿಂದ ಗಂಟಲು ನೋವು ಬರುತ್ತದೆ. ಸರಿಯಾದ ಚಿಕಿತ್ಸೆ ಸಿಗದಿದ್ದರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ನಂತರ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ನೋವು, ಊತ ಕಾಣಿಸಿಕೊಳ್ಳುತ್ತವೆ. ಇದೇ ರುಮ್ಯಾಟಿಕ್ ಜ್ವರ. ಬ್ಯಾಕ್ಟೀರಿಯದ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆ ಗುರುತು ತಪ್ಪಿ ತನ್ನದೇ ಹೃದಯದ ಕವಾಟಗಳ ಮೇಲೆ ದಾಳಿ ಮಾಡುತ್ತದೆ. ಕೀಲು ನೋವು ಹೋಗುತ್ತದೆ, ಕವಾಟದ ಗಾಯ ಉಳಿಯುತ್ತದೆ.

ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವಿನ ಮಿಟ್ರಲ್ ಕವಾಟ ವರ್ಷಗಳು ಕಳೆದಂತೆ ದಪ್ಪವಾಗಿ, ಅಂಚುಗಳು ಅಂಟಿಕೊಂಡು ಕಿರಿದಾಗುತ್ತದೆ. ಹಿಂದಿನ ಕೋಣೆಯಲ್ಲಿ ರಕ್ತ ಒತ್ತರಿಸಿ ಗೋಡೆ ಹಿಗ್ಗುತ್ತದೆ. ಹಿಗ್ಗಿದ ಗೋಡೆ ಒಂದು ದಿನ ಅದುರತೊಡಗುತ್ತದೆ. ಹತ್ತನೇ ವಯಸ್ಸಿನ ಗಂಟಲು ನೋವು ನಲವತ್ತರಲ್ಲಿ ಎ.ಎಫ್. ಆಗಿ ಎದ್ದು ಬರುವುದು ಹೀಗೆ. ಇಂಥವರಲ್ಲಿ ಹೆಂಗಸರೇ ಹೆಚ್ಚು.

ಈ ಎರಡು ದಾರಿಗಳ ಪಾಲು ದೇಶದಿಂದ ದೇಶಕ್ಕೆ ಎಷ್ಟು ಬೇರೆ ಎಂಬುದಕ್ಕೆ ಒಳ್ಳೆಯ ಲೆಕ್ಕವೊಂದಿದೆ. 46 ದೇಶಗಳ ಆಸ್ಪತ್ರೆಗಳಿಗೆ ಎ.ಎಫ್.ನೊಂದಿಗೆ ಬಂದ 15,400 ರೋಗಿಗಳ ವಿವರಗಳನ್ನು ಕಲೆಹಾಕಿ 2014ರಲ್ಲಿ ಪ್ರಕಟಿಸಲಾಯಿತು. ಉತ್ತರ ಅಮೆರಿಕದ ರೋಗಿಗಳಲ್ಲಿ ರುಮ್ಯಾಟಿಕ್ ಹೃದ್ರೋಗ ಇದ್ದದ್ದು ಶೇಕಡ 2.2 ಜನರಿಗೆ. ಭಾರತದಲ್ಲಿ ಶೇಕಡ 31.5! ಭಾರತ, ಆಫ್ರಿಕ, ಮಧ್ಯಪ್ರಾಚ್ಯಗಳ ರೋಗಿಗಳು ಉಳಿದ ಕಡೆಯವರಿಗಿಂತ ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಕಿರಿಯರು. ಎಂದರೆ ಅಲ್ಲಿ ಅಜ್ಜ ಅಜ್ಜಿಯರ ಕಾಯಿಲೆ, ಇಲ್ಲಿ ಎಷ್ಟೋ ಮನೆಗಳಲ್ಲಿ ದುಡಿಯುವ ತಾಯಿಯ ಕಾಯಿಲೆ.

ಅಮೆರಿಕದವರ ರಕ್ತವೇ ಬೇರೆ ಎಂದು ಇದರ ಅರ್ಥವಲ್ಲ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿಯೂ ರುಮ್ಯಾಟಿಕ್ ಜ್ವರ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಗಾಳಿಬೆಳಕಿನ ಮನೆ, ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುವುದು ತಪ್ಪಿದ್ದು, ಪೆನಿಸಿಲಿನ್ ಇವು ಅದನ್ನು ಓಡಿಸಿದವು.

ಒಂದೇ ಬಡಾವಣೆಯಲ್ಲಿ ಎರಡು ದೇಶ

ನಮ್ಮ ಉತ್ತರ ಬೆಂಗಳೂರನ್ನೇ ನೋಡಿ. ಯಲಹಂಕ ಉಪನಗರದಲ್ಲೋ ಆರ್.ಟಿ. ನಗರದಲ್ಲೋ ನಿವೃತ್ತರಾದ ಹಿರಿಯರಿದ್ದಾರೆ. ಮಕ್ಕಳು ಹೊರದೇಶದಲ್ಲಿ, ತಮಗೆ ಬಿ.ಪಿ., ಸಕ್ಕರೆ. ಇವರಿಗೆ ಬರುವ ಎ.ಎಫ್. ಅಮೆರಿಕದವರ ಬಗೆಯದು. ಅದೇ ರಸ್ತೆಯ ಕೊನೆಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿಗೆ ಕಲ್ಲು, ಗಾರೆ ಹೊರಲು ರಾಯಚೂರು, ಕಲಬುರಗಿ ಕಡೆಯಿಂದ ಬಂದ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿವೆ. ಒಂದು ಶೆಡ್ಡಿನಲ್ಲಿ ಆರೇಳು ಜನ. ಅಲ್ಲಿ ಒಂದು ಮಗುವಿನ ಗಂಟಲು ಕೆಟ್ಟರೆ ಎಲ್ಲ ಮಕ್ಕಳಿಗೂ ಹಬ್ಬುವುದು ಸುಲಭ. ಆ ತಾಯಂದಿರಲ್ಲಿ ಕಾಣಬಹುದಾದ ಎ.ಎಫ್. ಇನ್ನೊಂದು ಬಗೆಯದು. ದೇಶ ದೇಶಗಳ ನಡುವೆ ಇದೆ ಎಂದು ನಾವು ಓದುವ ವ್ಯತ್ಯಾಸ ನಮ್ಮ ಒಂದೇ ಬಸ್ ನಿಲ್ದಾಣದಲ್ಲಿ ಅಕ್ಕಪಕ್ಕ ನಿಂತಿರುತ್ತದೆ. ಆದ್ದರಿಂದ ‘ಭಾರತದಲ್ಲಿ ಯಾವ ಚಿಕಿತ್ಸೆ?’ ಎಂದು ಕೇಳಿದರೆ ಸಾಲದು, ‘ಭಾರತದ ಯಾವ ರೋಗಿಗೆ?’ ಎಂದು ಕೇಳಬೇಕು.

ಕೊಳೆತ ಹುಲ್ಲು ಕಲಿಸಿದ ಪಾಠ

ಚಿಕಿತ್ಸೆಯ ಮೊದಲ ಕೆಲಸ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು. ಇದಕ್ಕೆ ಬಳಸುವ ಹಳೆಯ ಔಷಧದ ಕಥೆ ಸ್ವಾರಸ್ಯವಾದದ್ದು. 1920ರ ದಶಕದಲ್ಲಿ ಕೆನಡ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ ಹಸುಗಳು ಸಣ್ಣ ಗಾಯಕ್ಕೂ ರಕ್ತ ಸುರಿದು ಸಾಯತೊಡಗಿದವು. ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ಅದಕ್ಕೆ ಕಾರಣವಾಗಿತ್ತು. 1933ರ ಚಳಿಗಾಲದಲ್ಲಿ ರೈತನೊಬ್ಬ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತದ ಡಬ್ಬಿಯನ್ನೂ ಹೊತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಬಾಗಿಲಿಗೆ ಬಂದ. ವರ್ಷಗಳ ಶ್ರಮದ ನಂತರ ಆ ಮೇವಿನಲ್ಲಿದ್ದ ವಸ್ತುವನ್ನು ಅವರ ತಂಡ ಬೇರ್ಪಡಿಸಿತು. ಅದರ ಬಳಗದ ವಾರ್ಫರಿನ್ 1948ರಲ್ಲಿ ಮೊದಲು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಿಂದ ಅಳತೆಯಲ್ಲಿ ಮನುಷ್ಯರಿಗೆ ಔಷಧವಾಯಿತು.

ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ಯಕೃತ್ತು ತಯಾರಿಸಬೇಕಾದರೆ ‘ಕೆ’ ಜೀವಸತ್ವ ಬೇಕು. ಈ ಔಷಧಗಳು ಆ ಜೀವಸತ್ವದ ಕೆಲಸಕ್ಕೆ ಅಡ್ಡ ಬರುತ್ತವೆ. ಇಲ್ಲಿಂದಲೇ ದೇಶಗಳ ಬೇರೆ ಬೇರೆ ರೂಢಿ ಆರಂಭ. ಅಮೆರಿಕ, ಬ್ರಿಟನ್ನಿನಲ್ಲಿ ವಾರ್ಫರಿನ್. ಜರ್ಮನಿಯಲ್ಲಿ ಅದರ ನೆಂಟ ಫೆನ್‌ಪ್ರೊಕುಮಾನ್. ಸ್ಪೇನಿನಲ್ಲಿ ಅಸಿನೊಕುಮರಾಲ್. ನಮ್ಮಲ್ಲಿ ವಾರ್ಫರಿನ್ ಇದ್ದರೂ ಅಸಿನೊಕುಮರಾಲ್ ಬಳಕೆ ವ್ಯಾಪಕ. ಕೆಲಸ ಒಂದೇ ಆದರೂ ದೇಹದಲ್ಲಿ ಉಳಿಯುವ ಕಾಲ ಬೇರೆ, ಪ್ರಮಾಣವೂ ಬೇರೆ. ಒಂದರ ಮಿಲಿಗ್ರಾಂ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಹೊರದೇಶದಿಂದ ಬಂದ ನೆಂಟರು ‘ನಮ್ಮ ತಂದೆಗೂ ಇಂಥದ್ದೇ ಮಾತ್ರೆ, ಇಷ್ಟೇ ಮಿಲಿಗ್ರಾಂ’ ಎಂದು ಹೋಲಿಸುವುದರಲ್ಲಿ ಅರ್ಥವಿಲ್ಲ.

ಅಳತೆಗೋಲಿನ ಮಹಿಮೆ

ಈ ಔಷಧ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಆದ್ದರಿಂದ ರಕ್ತ ಪರೀಕ್ಷೆ ಅನಿವಾರ್ಯ. ಹಿಂದೆ ಈ ಪರೀಕ್ಷೆಗೆ ಬಳಸುತ್ತಿದ್ದ ದ್ರಾವಣದ ಗುಣ ದೇಶದಿಂದ ದೇಶಕ್ಕೆ ಬೇರೆಯಾಗಿತ್ತು. ಅಮೆರಿಕದ ದ್ರಾವಣ ಅಷ್ಟೊಂದು ಸೂಕ್ಷ್ಮವಾಗಿರಲಿಲ್ಲ. ‘ಇನ್ನೂ ಸಾಲದು’ ಎಂದು ತೋರಿಸಿದಾಗಲೆಲ್ಲ ವೈದ್ಯರು ಔಷಧ ಏರಿಸುತ್ತಿದ್ದರು. ಹೀಗಾಗಿ ಬ್ರಿಟನ್ನಿನ ರೋಗಿಗಳಿಗಿಂತ ಅಮೆರಿಕದವರು ಹೆಚ್ಚು ಔಷಧ ನುಂಗಿ, ಹೆಚ್ಚು ರಕ್ತಸ್ರಾವಕ್ಕೂ ಒಳಗಾಗುತ್ತಿದ್ದರು. ಒಬ್ಬ ಗಜದಲ್ಲಿ, ಇನ್ನೊಬ್ಬ ಮೊಳದಲ್ಲಿ ಅಳೆದು ಇಬ್ಬರೂ ‘ಹತ್ತು’ ಎಂದರೆ ಬಟ್ಟೆ ಸರಿಹೊಂದೀತೆ? 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಒಂದೇ ಅಳತೆಯನ್ನು ಜಾರಿಗೆ ತಂದಿತು. ಅದೇ ಐ.ಎನ್.ಆರ್. ಔಷಧ ನುಂಗದವರಲ್ಲಿ ಅದು ಸುಮಾರು 1. ಎ.ಎಫ್. ರೋಗಿಗಳಲ್ಲಿ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಭೌತವಿಜ್ಞಾನದ ಮೊದಲ ಪಾಠದಲ್ಲಿ ಏಕಮಾನಗಳನ್ನು ಏಕೆ ಕಲಿಸುತ್ತಾರೆ ಎಂದು ಗೊಣಗುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಅಳತೆ ಒಂದಾದರೂ ಗುರಿ ಎಲ್ಲೆಡೆ ಒಂದೇ ಅಲ್ಲ. ಜಪಾನಿನಲ್ಲಿ ಮಿದುಳಿನ ರಕ್ತಸ್ರಾವದ ಭಯ ಹೆಚ್ಚಾದ್ದರಿಂದ ಅಲ್ಲಿನ ತಜ್ಞರು ಎಪ್ಪತ್ತು ದಾಟಿದವರಿಗೆ 1.6ರಿಂದ 2.6 ಸಾಕೆಂದು ಬಹುಕಾಲ ನಿಗದಿ ಮಾಡಿಕೊಂಡಿದ್ದರು. ವ್ಯವಸ್ಥೆಯೂ ಒಂದೇ ಅಲ್ಲ. ನೆದರ್ಲ್ಯಾಂಡ್ಸ್‌ನಲ್ಲಿ ಈ ಪರೀಕ್ಷೆಗೆಂದೇ ಪ್ರತ್ಯೇಕ ಸೇವಾಕೇಂದ್ರಗಳು 1949ರಿಂದ ಬೆಳೆದು ಬಂದಿವೆ; ರಕ್ತ ತೆಗೆದು, ಪ್ರಮಾಣ ಲೆಕ್ಕ ಹಾಕಿ, ಮಾತ್ರೆ ದಿನಕ್ಕೆಷ್ಟು ಎಂದು ತಿಳಿಸುವುದೇ ಅವುಗಳ ಕೆಲಸ. ಜರ್ಮನಿಯಲ್ಲಿ ಎಷ್ಟೋ ರೋಗಿಗಳು ತರಬೇತಿ ಪಡೆದು, ಸಕ್ಕರೆ ನೋಡಿಕೊಳ್ಳುವಂತೆ ಬೆರಳು ಚುಚ್ಚಿ ಮನೆಯಲ್ಲೇ ಐ.ಎನ್.ಆರ್. ನೋಡಿಕೊಳ್ಳುತ್ತಾರೆ.

ನಮ್ಮಲ್ಲಿ? ಗೌರಿಬಿದನೂರು, ಚಿಕ್ಕಬಳ್ಳಾಪುರ ಕಡೆಯ ಹಳ್ಳಿಯ ಕೂಲಿ ಹೆಣ್ಣುಮಗಳು ಬೆಳಗಿನ ಬಸ್ಸು ಹತ್ತಿ ಯಲಹಂಕ, ಹೆಬ್ಬಾಳ ದಾಟಿ ನಗರದ ಆಸ್ಪತ್ರೆಗೆ ಬರಬೇಕು. ಪರೀಕ್ಷೆಯ ಹಣಕ್ಕಿಂತ ಬಸ್ಸಿನ ಹಣ, ಅದಕ್ಕಿಂತ ಒಂದು ದಿನದ ಕೂಲಿ ದೊಡ್ಡದು. ಎರಡು ತಿಂಗಳು ಬಂದವಳು ಮೂರನೆಯ ತಿಂಗಳು ತಪ್ಪಿಸುತ್ತಾಳೆ. ಮೇಲೆ ಹೇಳಿದ ಅಧ್ಯಯನದ ಇನ್ನೊಂದು ಲೆಕ್ಕ ನೋಡಿ. ಔಷಧ ನುಂಗುತ್ತಿದ್ದವರ ಐ.ಎನ್.ಆರ್. ಸರಿಯಾದ ಮಿತಿಯಲ್ಲಿದ್ದ ಕಾಲ ಪಶ್ಚಿಮ ಯುರೋಪಿನಲ್ಲಿ ಶೇಕಡ 62.4, ಉತ್ತರ ಅಮೆರಿಕದಲ್ಲಿ 50.9. ಭಾರತ, ಚೀನ, ಆಗ್ನೇಯ ಏಷ್ಯ, ಆಫ್ರಿಕಗಳಲ್ಲಿ 32ರಿಂದ 40 ಮಾತ್ರ. ಶ್ರೀಮಂತ ಅಮೆರಿಕವೂ ಪರೀಕ್ಷೆಯಲ್ಲಿ ಅರ್ಧ ಅಂಕವನ್ನಷ್ಟೇ ಪಡೆದಿದೆ ಎಂಬುದು ಗಮನಾರ್ಹ. ದುಡ್ಡೊಂದಿದ್ದರೆ ಸಾಲದು, ಕಟ್ಟುನಿಟ್ಟಿನ ವ್ಯವಸ್ಥೆಯೂ ಬೇಕು.

ಊಟದ ವಿಷಯವೂ ಇದೆ. ‘ಕೆ’ ಜೀವಸತ್ವ ಹೇರಳವಾಗಿರುವುದು ಹಸಿರು ಸೊಪ್ಪಿನಲ್ಲಿ. ನಮ್ಮ ಕಡೆಯ ಮಸ್ಸೊಪ್ಪು, ಬಸ್ಸಾರು, ಉಪ್ಸಾರುಗಳನ್ನು ಒಂದು ವಾರ ದಿನಾ ತಿಂದು ಮರುವಾರ ಮುಟ್ಟದಿದ್ದರೆ ಐ.ಎನ್.ಆರ್. ಏರಿಳಿಯುತ್ತದೆ. ಸೊಪ್ಪು ಬಿಡಬೇಕೆಂದಲ್ಲ, ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆ, ಹೆಸರಿಲ್ಲದ ಪುಡಿ, ಕಷಾಯಗಳೂ ಲೆಕ್ಕ ತಪ್ಪಿಸಬಲ್ಲವು. ಇನ್ನೊಂದು ಎಚ್ಚರಿಕೆ: ವಾರ್ಫರಿನ್ ಬಗೆಯ ಔಷಧ ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲದು. ಆದ್ದರಿಂದ ಮಗು ಬೇಕೆನ್ನುವ ಹೆಣ್ಣುಮಕ್ಕಳು ಮೊದಲೇ ವೈದ್ಯರಿಗೆ ಹೇಳಬೇಕು.

ಹೊಸ ಮಾತ್ರೆಗಳ ಪ್ರವೇಶ

2009ರ ನಂತರ ಡಬಿಗಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್, ಎಡಾಕ್ಸಬಾನ್ ಎಂಬ ಹೊಸ ಮಾತ್ರೆಗಳು ಒಂದೊಂದಾಗಿ ಬಂದವು. ಸೊಪ್ಪಿನ ಕಾಟವಿಲ್ಲ, ತಿಂಗಳ ಐ.ಎನ್.ಆರ್. ಇಲ್ಲ, ಮಿದುಳಿನ ರಕ್ತಸ್ರಾವವೂ ಕಡಿಮೆ. ವಯಸ್ಸಿನ ದಾರಿಯಿಂದ ಬಂದ ಎ.ಎಫ್.ಗೆ ಇಂದು ಅಮೆರಿಕ, ಯುರೋಪ್, ಭಾರತ ಎಲ್ಲೆಡೆಯೂ ಇವಕ್ಕೇ ಮೊದಲ ಮಣೆ. ಪೇಟೆಂಟ್ ಅವಧಿ ಮುಗಿದ ಮೇಲೆ ನಮ್ಮ ಕಂಪನಿಗಳೇ ತಯಾರಿಸುತ್ತಿರುವುದರಿಂದ ಬೆಲೆಯೂ ಇಳಿದಿದೆ. ‘ಆಸ್ಪಿರಿನ್ ಸಾಕು’ ಎಂಬ ಹಳೆಯ ನಂಬಿಕೆ ಇನ್ನೂ ಕೆಲವರಲ್ಲಿದೆ. ವಾರ್ಫರಿನ್ ಹೊಂದದವರ ಮೇಲೆ 36 ದೇಶಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಸ್ಪಿರಿನ್ ನುಂಗಿದವರಿಗಿಂತ ಅಪಿಕ್ಸಬಾನ್ ನುಂಗಿದವರಲ್ಲಿ ಪಾರ್ಶ್ವವಾಯು ಅರ್ಧಕ್ಕಿಂತ ಕಡಿಮೆಯಾಗಿತ್ತು, ದೊಡ್ಡ ರಕ್ತಸ್ರಾವದಲ್ಲಿ ಹೇಳುವಂಥ ವ್ಯತ್ಯಾಸವಿರಲಿಲ್ಲ.

ಇವುಗಳಲ್ಲೂ ದೇಶಕ್ಕೊಂದು ಪ್ರಮಾಣ. ಡಬಿಗಟ್ರಾನ್ 150 ಮಿಲಿಗ್ರಾಂ ಎಲ್ಲೆಡೆಯೂ ಇದೆ. ವಯಸ್ಸಾದವರಿಗೆಂದು ಯುರೋಪ್, ಕೆನಡ, ಭಾರತಗಳಲ್ಲಿ 110ರ ಮಾತ್ರೆ ಕೊಡುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎ.ಎಫ್.ಗೆ ಆ 110ನ್ನು ಒಪ್ಪಲಿಲ್ಲ. ಮೂತ್ರಪಿಂಡ ತೀರ ದುರ್ಬಲವಾದವರಿಗೆ 75ನ್ನು ಒಪ್ಪಿತು. ರಿವರಾಕ್ಸಬಾನ್ ಬೇರೆ ಕಡೆ ಸಾಮಾನ್ಯವಾಗಿ ದಿನಕ್ಕೆ 20 ಮಿಲಿಗ್ರಾಂ, ಜಪಾನಿನಲ್ಲಿ 15. ಒಂದೇ ಪುರಾವೆಯನ್ನು ಮುಂದಿಟ್ಟುಕೊಂಡರೂ ಎಷ್ಟು ಅಪಾಯ ಸಹಿಸಬಹುದು ಎಂಬ ಬಗ್ಗೆ ಒಂದೊಂದು ದೇಶದ ತೀರ್ಮಾನ ಒಂದೊಂದು.

ಹಳೆಯದು ಗೆದ್ದ ಪಂದ್ಯ

ಹಾಗಾದರೆ ನಮ್ಮ ಯಲಹಂಕದ ತಂಗಿಗೂ ಹೊಸ ಮಾತ್ರೆಯನ್ನೇ ಕೊಡಬಹುದಲ್ಲ? ಹೊಸ ಮಾತ್ರೆಗಳ ದೊಡ್ಡ ಪ್ರಯೋಗಗಳೆಲ್ಲ ಮಿಟ್ರಲ್ ಕವಾಟ ತೀರ ಕಿರಿದಾದವರನ್ನು ಹೊರಗಿಟ್ಟು ನಡೆದಿದ್ದವು. ಎಂದರೆ ನಮ್ಮ ರೋಗಿಗಳಲ್ಲಿ ದೊಡ್ಡ ಗುಂಪೊಂದಕ್ಕೆ ಆ ಫಲಿತಾಂಶ ಅನ್ವಯಿಸುತ್ತಲೇ ಇರಲಿಲ್ಲ. ಕೃತಕ ಲೋಹದ ಕವಾಟ ಹಾಕಿಸಿಕೊಂಡವರಿಗೆ ಡಬಿಗಟ್ರಾನ್ ಕೊಟ್ಟು ನೋಡಿದಾಗ ಹೆಪ್ಪೂ ಹೆಚ್ಚಿ, ರಕ್ತಸ್ರಾವವೂ ಹೆಚ್ಚಿ, ಪ್ರಯೋಗವನ್ನೇ ನಡುವೆ ನಿಲ್ಲಿಸಬೇಕಾಯಿತು. ಅದರ ವರದಿ 2013ರಲ್ಲಿ ಬಂತು.

ಕವಾಟ ಕಿರಿದಾದವರ ಪ್ರಶ್ನೆಯನ್ನು ಎತ್ತಿಕೊಂಡವರು ಕೆನಡದ ಸ್ಟುವರ್ಟ್ ಕಾನಲಿ ಮತ್ತು ದೆಹಲಿಯ ಏಮ್ಸ್‌ನ ಗಣೇಶನ್ ಕಾರ್ತಿಕೇಯನ್ ಅವರ ಬಳಗ. ಭಾರತವೂ ಸೇರಿ ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕದ 24 ದೇಶಗಳಲ್ಲಿ ರುಮ್ಯಾಟಿಕ್ ಹೃದ್ರೋಗದೊಂದಿಗೆ ಎ.ಎಫ್. ಇರುವ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಆರಿಸಿ, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದಕ್ಕೆ ರಿವರಾಕ್ಸಬಾನ್, ಇನ್ನೊಂದಕ್ಕೆ ವಾರ್ಫರಿನ್ ಬಗೆಯ ಹಳೆಯ ಔಷಧ. ಸರಾಸರಿ ವಯಸ್ಸು ಐವತ್ತು. ನೂರಕ್ಕೆ 72 ಮಂದಿ ಹೆಂಗಸರು. ಹೊಸದು ಹಳೆಯದಕ್ಕೆ ಕಡಿಮೆಯೇನಲ್ಲ ಎಂದು ತೋರಿಸುವುದು ಉದ್ದೇಶವಾಗಿತ್ತು.

2022ರ ಆಗಸ್ಟ್‌ನಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ರಿವರಾಕ್ಸಬಾನ್ ಗುಂಪಿನಲ್ಲಿ 552 ಸಾವು, ಹಳೆಯ ಔಷಧದ ಗುಂಪಿನಲ್ಲಿ 442. ಎರಡು ಗುಂಪುಗಳೂ ಹೆಚ್ಚುಕಡಿಮೆ ಒಂದೇ ಗಾತ್ರದವು. ಹಾಗೆಂದು ಹಳೆಯದರಲ್ಲಿ ರಕ್ತಸ್ರಾವವೇನೂ ಗಣನೀಯವಾಗಿ ಹೆಚ್ಚಾಗಿರಲಿಲ್ಲ. ಕಾರಣಗಳ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದೇ ಇದೆ. ಐ.ಎನ್.ಆರ್. ನೆಪದಲ್ಲಿ ರೋಗಿ ಪದೇ ಪದೇ ಆಸ್ಪತ್ರೆಗೆ ಬರುವುದೂ ಅವಳಿಗೆ ಒಳಿತನ್ನೇ ಮಾಡಿರಬಹುದು ಎಂಬುದು ಒಂದು ಅಭಿಪ್ರಾಯ. ಅದೇನೇ ಇರಲಿ, ರುಮ್ಯಾಟಿಕ್ ರೋಗದಿಂದ ಮಿಟ್ರಲ್ ಕವಾಟ ಕಿರಿದಾದವರಿಗೆ ಹಳೆಯ ಮಾತ್ರೆಯೇ ಸರಿ ಎಂಬ ತೀರ್ಮಾನ ಈಗ ಗಟ್ಟಿಯಾಗಿದೆ. ತಂಗಿ ನುಂಗುತ್ತಿರುವುದು ಬಡವರ ಔಷಧವಲ್ಲ, ಅವಳ ಕಾಯಿಲೆಗೆ ತಕ್ಕ ಔಷಧ.

ತಾಳವನ್ನು ಸರಿಪಡಿಸುವ ಬಗೆ

ಹೆಪ್ಪನ್ನು ತಡೆದ ಮೇಲೆ ಬಡಿತದ ವಿಚಾರ. ಇದಕ್ಕೆ ಎರಡು ಮಾರ್ಗ. ಕೂಡುರಸ್ತೆಯ ಪೊಲೀಸನ್ನು ಬಿಗಿಗೊಳಿಸಿ ವೇಗ ತಗ್ಗಿಸುವುದು ಒಂದು. ಇದಕ್ಕೆ ಅಗ್ಗದ, ಎಲ್ಲೆಡೆ ಸಿಗುವ ಮಾತ್ರೆಗಳಿವೆ. ಇನ್ನೊಂದು, ನುಗ್ಗುವ ವಾಹನಗಳನ್ನು ಮೂಲದಲ್ಲೇ ತಡೆದು ಮೊದಲಿನ ತಾಳ ತರುವುದು. ಫ್ರಾನ್ಸಿನ ಬೋರ್ಡೊ ನಗರದ ಹೈಸಾಗ್ಯೇರ್ ಬಳಗ 1998ರಲ್ಲಿ 45 ರೋಗಿಗಳನ್ನು ಪರೀಕ್ಷಿಸಿ, ಪುಂಡ ಸಂಕೇತಗಳು ಬಹುಪಾಲು ಹೊರಡುವುದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಬರುವ ಅಭಿಧಮನಿಗಳ ಬಾಯಲ್ಲಿ ಎಂದು ತೋರಿಸಿತು. ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ಆ ಬಾಯಿಯ ಸುತ್ತ ಸುಟ್ಟು ಬೇಲಿ ಹಾಕುವ ವಿಧಾನ ಆಮೇಲೆ ಬೆಳೆಯಿತು. 2020ರಲ್ಲಿ ಯುರೋಪಿನ 11 ದೇಶಗಳ ಅಧ್ಯಯನವೊಂದು, ರೋಗ ಕಂಡ ಒಂದು ವರ್ಷದೊಳಗೇ ತಾಳ ಸರಿಪಡಿಸಲು ತೊಡಗಿದರೆ ಒಳಿತು ಹೆಚ್ಚೆಂದು ತಿಳಿಸಿತು. ಆಮೇಲೆ ಶ್ರೀಮಂತ ದೇಶಗಳಲ್ಲಿ ಈ ಮಾರ್ಗಕ್ಕೆ ಒಲವು ಹೆಚ್ಚಿದೆ. ಇಲ್ಲಿಯೂ ವ್ಯತ್ಯಾಸ ಇಲ್ಲದಿಲ್ಲ. ತಾಳ ಸರಿಪಡಿಸುವ ವರ್ನಕಲಾಂಟ್ ಎಂಬ ಚುಚ್ಚುಮದ್ದಿಗೆ ಯುರೋಪ್ 2010ರಲ್ಲೇ ಒಪ್ಪಿಗೆ ಕೊಟ್ಟಿತು, ಅಮೆರಿಕ ಕೊಡಲೇ ಇಲ್ಲ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸುಡುವ ಚಿಕಿತ್ಸೆ ಲಭ್ಯವಿದೆ, ಆದರೆ ಖರ್ಚು ಲಕ್ಷಗಳಲ್ಲಿ. ಮೇಲಾಗಿ, ರುಮ್ಯಾಟಿಕ್ ರೋಗದಿಂದ ಬಹಳ ಹಿಗ್ಗಿದ ಹೃತ್ಕರ್ಣದಲ್ಲಿ ಅದರ ಯಶಸ್ಸು ಕಡಿಮೆ. ಅಂಥವರಿಗೆ ಮೊದಲು ಬೇಕಾದದ್ದು ಕವಾಟವನ್ನು ಅಗಲಿಸುವುದು. ಎದೆ ಸೀಳದೆ, ಮಡಿಸಿದ ಬಲೂನನ್ನು ತೂರಿಸಿ ಕವಾಟದೊಳಗೆ ಉಬ್ಬಿಸುವ ಉಪಾಯವನ್ನು ಜಪಾನಿನ ಕಾಂಜಿ ಇನೌಯೆ 1984ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಇದು ಸಾವಿರಗಟ್ಟಲೆ ರೋಗಿಗಳಿಗೆ ನಡೆದಿದೆ. ಈ ವಿದ್ಯೆಯಲ್ಲಿ ನಮ್ಮ ವೈದ್ಯರಿಗಿರುವ ಅನುಭವ ಅಮೆರಿಕದ ಎಷ್ಟೋ ಆಸ್ಪತ್ರೆಗಳಲ್ಲಿ ಸಿಗಲಾರದು. ಅಲ್ಲಿ ಇಂಥ ರೋಗಿಗಳೇ ವಿರಳ.

ರೋಗವನ್ನು ಹುಡುಕುವುದರಲ್ಲೂ ಒಮ್ಮತವಿಲ್ಲ. ಅರವತ್ತೈದು ದಾಟಿದವರು ಯಾವ ಕಾರಣಕ್ಕೆ ಬಂದರೂ ನಾಡಿ ನೋಡಿ ಎನ್ನುತ್ತದೆ ಯುರೋಪಿನ ಹೃದ್ರೋಗ ತಜ್ಞರ ಸಂಘ. ಲಕ್ಷಣವಿಲ್ಲದವರಲ್ಲಿ ಇ.ಸಿ.ಜಿ. ಮೂಲಕ ಹುಡುಕುವುದರಿಂದ ಲಾಭವೋ ನಷ್ಟವೋ ಹೇಳಲು ಪುರಾವೆ ಸಾಲದೆಂದು ಅಮೆರಿಕದ ತಜ್ಞರ ಮಂಡಳಿ 2022ರಲ್ಲಿ ಹೇಳಿತು. ಪಾರ್ಶ್ವವಾಯುವಿನ ಸಂಭವ ಲೆಕ್ಕ ಹಾಕುವ ಅಂಕಪಟ್ಟಿಯಲ್ಲಿ ಹೆಣ್ಣಾದರೆ ಒಂದು ಅಂಕ ಹೆಚ್ಚು ಸೇರಿಸುತ್ತಿದ್ದ ಪದ್ಧತಿಯನ್ನು ಯುರೋಪ್ 2024ರಲ್ಲಿ ಕೈಬಿಟ್ಟಿತು. ಅಮೆರಿಕದ 2023ರ ಮಾರ್ಗಸೂಚಿಯಲ್ಲಿ ಅದು ಉಳಿದಿತ್ತು.

ಮನೆಯಲ್ಲಿ, ಶಾಲೆಯಲ್ಲಿ

ಇಷ್ಟೆಲ್ಲ ತಿಳಿದು ನಾವೇನು ಮಾಡಬೇಕು? ತಾಯಿತಂದೆಯರಿಗೆ ಮೊದಲ ಮಾತು: ಮಗುವಿಗೆ ಜ್ವರದೊಂದಿಗೆ ಗಂಟಲು ನೋವು ಬಂದು ನುಂಗಲು ಕಷ್ಟವಾದರೆ, ಕತ್ತಿನಲ್ಲಿ ಗಂಟು ಕಟ್ಟಿದರೆ ವೈದ್ಯರಿಗೆ ತೋರಿಸಿ. ಗಂಟಲು ನೋವುಗಳಲ್ಲಿ ಹೆಚ್ಚಿನವು ವೈರಸ್‌ನಿಂದ ಬರುವಂಥವು, ಅವಕ್ಕೆ ಆಂಟಿಬಯೋಟಿಕ್ ಬೇಡ. ಯಾವುದಕ್ಕೆ ಬೇಕು ಎಂಬುದನ್ನು ನಿರ್ಧರಿಸುವವರು ವೈದ್ಯರು, ಔಷಧದ ಅಂಗಡಿಯವರಲ್ಲ. ಬೇಕೆಂದು ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಕೊಡಿ. ಸ್ಟ್ರೆಪ್ಟೊಕಾಕಸ್ ಗಂಟಲು ನೋವು ಶುರುವಾದ ಒಂಬತ್ತು ದಿನಗಳೊಳಗೆ ಚಿಕಿತ್ಸೆ ಸಿಕ್ಕರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಒಮ್ಮೆ ಆ ಜ್ವರ ಬಂದ ಮಗುವಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಿಸಬೇಕಾಗುತ್ತದೆ. ಪರೀಕ್ಷೆ, ಜಾತ್ರೆ, ಮದುವೆ ಎಂದು ಅದನ್ನು ತಪ್ಪಿಸಬಾರದು. ಆ ಕೆಲವು ರೂಪಾಯಿಯ ಚುಚ್ಚುಮದ್ದು ಮುಂದೆ ಲಕ್ಷಗಟ್ಟಲೆ ರೂಪಾಯಿಯ ಕವಾಟವನ್ನು ಉಳಿಸುತ್ತದೆ.

ಎರಡನೆಯದು, ಹೊರದೇಶದ ನೆಂಟರ ಮಾತ್ರೆಯನ್ನು ನೋಡಿ ನಿಮ್ಮದನ್ನು ಬದಲಿಸಬೇಡಿ, ನಿಲ್ಲಿಸಲೂ ಬೇಡಿ. ‘ಡಾಕ್ಟ್ರೇ, ನನ್ನ ಕವಾಟ ಹೇಗಿದೆ? ನನ್ನದು ಯಾವ ಬಗೆಯ ಎ.ಎಫ್.?’ ಎಂದು ಕೇಳಿ. ಐ.ಎನ್.ಆರ್. ಫಲಿತಾಂಶಗಳನ್ನು ದಿನಾಂಕದೊಂದಿಗೆ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಹೈಸ್ಕೂಲಿನ ಮಗನೋ ಮಗಳೋ ಅದನ್ನು ಗ್ರಾಫ್ ಹಾಳೆಯ ಮೇಲೆ ಬಿಡಿಸಿಕೊಟ್ಟರೆ ವೈದ್ಯರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ.

ಮೂರನೆಯದು, ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ಮಸಾಜು, ಹರಕೆ ಎಂದು ಕೂರದೆ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು ಉಂಟು. ರೋಗಿ ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗುತ್ತಿದ್ದರೆ ಅದನ್ನು ಆಸ್ಪತ್ರೆಯಲ್ಲಿ ತಪ್ಪದೆ ಹೇಳಿ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ. ಈ ಭಾನುವಾರ ಅಜ್ಜ, ಅಜ್ಜಿ, ಅಮ್ಮ, ಅಪ್ಪ ಎಲ್ಲರ ನಾಡಿಯನ್ನೂ ಒಂದು ಪೂರ್ತಿ ನಿಮಿಷ ಹಿಡಿದು ಎಣಿಸಿ, ತಾಳವನ್ನು ಗಮನಿಸಿ. ಅಡ್ಡಾದಿಡ್ಡಿ ಕಂಡರೆ ಗಾಬರಿ ಬೇಡ, ನೀವೇ ರೋಗದ ಹೆಸರು ಇಡುವುದೂ ಬೇಡ. ಹತ್ತಿರದ ಆಸ್ಪತ್ರೆಯಲ್ಲಿ ಒಂದು ಇ.ಸಿ.ಜಿ. ತೆಗೆಸಿದರೆ ವಿಷಯ ಸ್ಪಷ್ಟವಾಗುತ್ತದೆ. ಆ ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ.